ಹಳೇ ಮಿಯಾಟಾಗೆ ಮನೆಯಲ್ಲೇ ಕಾಯ್ಲೋವರ್: ಮೊದಲ ಬೋಲ್ಟಿನಿಂದ ಅಲೈನ್‌ಮೆಂಟ್‌ವರೆಗೆ

ಕಾರಿನ ಹಳೇ ಶಾಕ್, ಸ್ಪ್ರಿಂಗ್ ತೆಗೆದು ಕಾಯ್ಲೋವರ್, ಅಂದರೆ ಎತ್ತರ ಹೊಂದಿಸಬಹುದಾದ ಶಾಕ್-ಸ್ಪ್ರಿಂಗ್ ಜೋಡಿ, ಹಾಕೋ ಕೆಲಸ ಇದು. ಮೊದಲ ಸಲ ಮಾಡಿದಾಗ ಎಲ್ಲ ಸಲೀಸಾಗಿ ನಡೆದಿತ್ತು. ಶನಿವಾರ ಬೆಳಗ್ಗೆ ಶುರು, ಸಂಜೆ ಐದಕ್ಕೆ ನಾಲ್ಕೂ ಚಕ್ರ ವಾಪಸ್. ಒಂದೊಂದು ಬೋಲ್ಟನ್ನೂ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ಬಿಗಿಯೋ ಸ್ಪ್ಯಾನರ್) ಹಿಡಿದು ‘ಟಕ್’ ಅನ್ನೋವರೆಗೆ ಬಿಗಿದಿದ್ದೆ. ಹೆಮ್ಮೆಯಿಂದ ಜಾಕ್ ಇಳಿಸಿ ನೋಡಿದರೆ, ತಗ್ಗಬೇಕಾದ ಕಾರಿನ ಮುಂಭಾಗ ಲೆಕ್ಕಕ್ಕಿಂತ ಎರಡು ಬೆರಳು ಮೇಲೇ ನಿಂತಿದೆ. ಹೊಸ ಸ್ಪ್ರಿಂಗ್ ಅಲ್ವಾ, ಕೂರುತ್ತೆ ಬಿಡು ಅಂದುಕೊಂಡೆ. ಹತ್ತು ದಿನ ಕಳೆದ ಮೇಲೆ ಹಂಪ್ ಹತ್ತಿದಾಗಲೆಲ್ಲ ಹಳೇ ಬಾಗಿಲು ತೆಗೆದ ಹಾಗೆ ‘ಕಿರ್ರ್’ ಅನ್ನೋ ಸದ್ದು. ಆರು ತಿಂಗಳಿಗೆ ಮುಂದಿನ ಬಲಗಡೆ ಆರ್ಮ್‌ನ (ಚಕ್ರವನ್ನು ಕಾರಿಗೆ ಹಿಡಿದಿರೋ ತೋಳು) ಬುಶ್, ಅಂದರೆ ತುದಿಯ ರಬ್ಬರ್ ಕೀಲು, ನೋಡಿದರೆ ರಬ್ಬರ್ ಅರ್ಧ ಸುತ್ತು ಹರಿದಿತ್ತು.

ಪಾರ್ಟ್ಸ್‌ದು ಏನೂ ತಪ್ಪಿರಲಿಲ್ಲ. ಟಾರ್ಕ್ ಲೆಕ್ಕವೂ ಸರಿ ಇತ್ತು. ಬಿಗಿದ ಹೊತ್ತು ಮಾತ್ರ ತಪ್ಪು. ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದಾಗ ಬಿಗಿದಿದ್ದೆ. ಇದು ಯಾಕೆ ತಪ್ಪು, ಸರಿಯಾಗಿ ಮಾಡೋದು ಹೇಗೆ ಅನ್ನೋದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಶಾಕ್ ಬಿಚ್ಚಿ ಶಾಕ್ ಹಾಕೋದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಕಾರಿನ ಬಗ್ಗೆ ಎರಡು ಮಾತು

ನನ್ನದು ಎರಡನೇ ತಲೆಮಾರಿನ ಮಾಜ್ದಾ ಎಮ್‌ಎಕ್ಸ್-5. ಅಮೆರಿಕದಲ್ಲಿ ಎಲ್ಲರೂ ಮಿಯಾಟಾ ಅಂತಾರೆ. ಕಾರು ಪ್ರಿಯರ ಬಾಯಲ್ಲಿ ಇದು ‘ಎನ್‌ಬಿ’, ಮೊದಲನೇದು ‘ಎನ್‌ಎ’. ಶಿವಮೊಗ್ಗದಲ್ಲಿ ಬೆಳೆದ ನನಗೆ ಮಾಜ್ದಾ ಅಂದ್ರೆ ಲಾರಿ. ಅಡಿಕೆ ಮೂಟೆ, ಇಟ್ಟಿಗೆ ಹೊತ್ತು ಓಡಾಡುತ್ತಿದ್ದ ಸ್ವರಾಜ್ ಮಾಜ್ದಾ. ಅದೇ ಹೆಸರಿನ ಎರಡು ಸೀಟಿನ, ಛಾವಣಿ ಮಡಚೋ ಕಾರು ಇದೆ ಅಂತ ಗೊತ್ತಾಗಿದ್ದು ಮಿಷಿಗನ್‌ಗೆ ಬಂದ ಮೇಲೆ.

1989ರ ಫೆಬ್ರವರಿಯಲ್ಲಿ ಷಿಕಾಗೋ ಆಟೋ ಶೋದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ತಯಾರಿಕೆ 2016ರಲ್ಲಿ ಹತ್ತು ಲಕ್ಷ ದಾಟಿತು. ಹೀಗಾಗಿ ಪಾರ್ಟ್ಸ್‌ಗೆ ಬರವಿಲ್ಲ. ತೂಕ ಒಂದು ಟನ್ ಆಸುಪಾಸು. ನಾಲ್ಕೂ ಮೂಲೆಯಲ್ಲಿ ಡಬಲ್ ವಿಶ್‌ಬೋನ್. ಅಂದರೆ ಚಕ್ರವನ್ನು ಮೇಲೊಂದು ಆರ್ಮ್, ಕೆಳಗೊಂದು ಆರ್ಮ್ ಹಿಡಿದಿರುತ್ತವೆ. ಶಾಕ್ ಮತ್ತು ಸ್ಪ್ರಿಂಗ್ ಒಂದೇ ಜೋಡಿಯಾಗಿ ಅವುಗಳ ನಡುವೆ ನಿಂತಿರುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕೇ ಚಕ್ರವನ್ನೂ ಹಿಡಿದಿರೋ ವ್ಯವಸ್ಥೆ) ಇರೋ ಕಾರುಗಳಲ್ಲಿ ಶಾಕ್ ತೆಗೆದರೆ ಚಕ್ರದ ಕೋನವೇ ಅಲುಗಾಡುತ್ತದೆ. ಇಲ್ಲಿ ಕೋನ ಹೊಂದಿಸೋ, ಅಂದರೆ ಅಲೈನ್‌ಮೆಂಟ್ ಮಾಡೋ, ಕ್ಯಾಮ್ ಬೋಲ್ಟ್‌ಗಳು ಕೆಳಗಿನ ಆರ್ಮ್‌ನ ಒಳತುದಿಯಲ್ಲಿವೆ. ಅವನ್ನು ಮುಟ್ಟದೆ ಕೆಲಸ ಮುಗಿಯುತ್ತದೆ. ಮನೆಯಲ್ಲಿ ಮೊದಲ ಸಲ ಕೈ ಹಾಕೋರಿಗೆ ಇದಕ್ಕಿಂತ ಸುಲಭದ ಸ್ಪೋರ್ಟ್ಸ್ ಕಾರು ಸಿಗೋದು ಅಪರೂಪ.

ಊರಲ್ಲಿ ಕೂತು ಓದುತ್ತಿರೋರಿಗೆ ಒಂದು ಮಾತು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿ ಕೊಟ್ಟ ರೂಪದಿಂದ ಗಾಡಿಯನ್ನು ಬದಲಿಸೋದಕ್ಕೆ ಕಡಿವಾಣ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಸವೆದ ಶಾಕ್‌ಗೆ ಅದೇ ಅಳತೆಯ ಒಳ್ಳೇ ಶಾಕ್ ಹಾಕೋದು ಬೇರೆ, ಕಾರು ತಗ್ಗಿಸೋದು ಬೇರೆ. ಬಿಚ್ಚೋ, ಬಿಗಿಯೋ ಕ್ರಮ ಮಾತ್ರ ಎರಡಕ್ಕೂ ಒಂದೇ, ಅದನ್ನು ಎಲ್ಲಿದ್ದರೂ ಬಳಸಬಹುದು.

ಏನು ಕೊಳ್ಳಬೇಕು

ಹಳೇ ಶಾಕ್ ಸತ್ತಿದೆ, ಎತ್ತರ ಹಾಗೇ ಇರಲಿ ಅನ್ನೋದಾದರೆ ಒಳ್ಳೇ ಶಾಕ್ ಮಾತ್ರ ಸಾಕು. ಬಿಲ್‌ಸ್ಟೀನ್, ಕೋನಿ ಎರಡೂ ಕಂಪನಿಯ ಶಾಕ್ ಈ ಕಾರಿಗೆ ಹೊಂದುತ್ತವೆ. ಮಾಜ್ದಾವೇ ಕೆಲವು ಮಾಡೆಲ್‌ಗಳಿಗೆ ಬಿಲ್‌ಸ್ಟೀನ್ ಹಾಕಿ ಕಳಿಸಿತ್ತು. ಆದರೆ ಈ ದಾರಿಯಲ್ಲಿ ಒಂದು ಅಪಾಯ ಇದೆ. ಹಳೇ ಸ್ಪ್ರಿಂಗನ್ನು ಕುಗ್ಗಿಸಿ ಹಿಡಿದು, ಮೇಲಿನ ಮೌಂಟ್ ಬಿಚ್ಚಿ, ಹೊಸ ಶಾಕ್‌ಗೆ ಜೋಡಿಸಬೇಕು. ಕುಗ್ಗಿದ ಸ್ಪ್ರಿಂಗ್ ಜಾರಿದರೆ ಮುಖ, ಕೈ ಯಾವುದನ್ನೂ ನೋಡೋದಿಲ್ಲ. ಬಾಡಿಗೆಗೆ ತಂದ ಸ್ಪ್ರಿಂಗ್ ಕಂಪ್ರೆಸರ್‌ನ ಥ್ರೆಡ್ ಸವೆದಿದ್ದನ್ನು ನಾನೇ ನೋಡಿದ್ದೇನೆ. ಈ ಒಂದು ಭಾಗಕ್ಕೆ ನಾಲ್ಕು ಕಾಸು ಕೊಟ್ಟು ವರ್ಕ್‌ಶಾಪ್‌ನಲ್ಲಿ ಮಾಡಿಸಿಕೊಳ್ಳಿ. ನಾಚಿಕೆ ಏನೂ ಇಲ್ಲ.

ನಾನು ಆರಿಸಿಕೊಂಡಿದ್ದು ಮೇಲಿನ ಮೌಂಟ್ ಸಮೇತ ಜೋಡಿಸಿಯೇ ಬರೋ ಕಾಯ್ಲೋವರ್. ಶಾಕ್‌ನ ಮೈಮೇಲೆ ಥ್ರೆಡ್ ಇರುತ್ತದೆ, ಸ್ಪ್ರಿಂಗ್ ಕೂರೋ ತಟ್ಟೆಯನ್ನು ತಿರುಗಿಸಿ ಎತ್ತರ ಹೊಂದಿಸಬಹುದು. ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನೋದನ್ನು ಕೆ.ಜಿ./ಮಿ.ಮೀ. ಲೆಕ್ಕದಲ್ಲಿ ಬರೆದಿರುತ್ತಾರೆ. 7 ಅಂದರೆ, ಒಂದು ಮಿ.ಮೀ. ಕುಗ್ಗಿಸೋಕೆ 7 ಕೆ.ಜಿ. ಭಾರ ಬೇಕು. ನನ್ನದು ಮುಂದೆ 7, ಹಿಂದೆ 5. ಆಫೀಸಿಗೆ ಹೋಗಿ ಬರೋಕೆ ಇದೇ ಜಾಸ್ತಿ. ಅಂಗಡಿಯವರು ಹತ್ತು ಹನ್ನೆರಡು ತೋರಿಸುತ್ತಾರೆ. ಅದು ಟ್ರ್ಯಾಕ್‌ಗೆ, ನಮ್ಮ ಸೊಂಟಕ್ಕಲ್ಲ.

ಇನ್ನೊಂದು. ಈ ಕಾರಿನಲ್ಲಿ ಶಾಕ್ ಮೇಲೆ ಕೆಳಗೆ ಆಡೋಕೆ ಇರೋ ಜಾಗವೇ ಕಡಿಮೆ. ತೀರಾ ತಗ್ಗಿಸಿದರೆ ಬಂಪ್ ಸ್ಟಾಪ್ ಅನ್ನೋ ರಬ್ಬರ್ ತುಂಡಿನ ಮೇಲೇ ಕಾರು ಕೂತುಬಿಡುತ್ತದೆ. ಆಮೇಲೆ ಎಷ್ಟು ದುಬಾರಿ ಶಾಕ್ ಹಾಕಿದ್ದರೂ ಎತ್ತಿನ ಗಾಡಿಯೇ. ಫೋಟೋಗೆ ಚೆನ್ನಾಗಿ ಕಾಣೋ ಎತ್ತರಕ್ಕೂ ಓಡಿಸೋಕೆ ಚೆನ್ನಾಗಿರೋ ಎತ್ತರಕ್ಕೂ ಒಂದು ಇಂಚಾದರೂ ವ್ಯತ್ಯಾಸ ಇದೆ.

ಸಾಮಾನು ಹೊಂದಿಸಿಕೊಳ್ಳಿ

ತಗ್ಗಿನ ಕಾರಿನ ಕೆಳಗೆ ಹೋಗೋ ಗ್ಯಾರೇಜ್ ಜಾಕ್ ಒಂದು, ಒಳ್ಳೇ ಜಾಕ್ ಸ್ಟ್ಯಾಂಡ್ ನಾಲ್ಕು, ಚಕ್ರಕ್ಕೆ ಅಡ್ಡ ಇಡೋ ದಿಮ್ಮಿ. 14, 17, 19, 21 ಮಿ.ಮೀ. ಸಾಕೆಟ್‌ಗಳು ಮತ್ತು ಅದೇ ಅಳತೆಯ ಸ್ಪ್ಯಾನರ್‌ಗಳು. ಒಂದೇ ಅಳತೆಯದು ಎರಡು ಬೇಕು, ಒಂದು ಬೋಲ್ಟ್ ತಲೆಗೆ, ಒಂದು ನಟ್ಟಿಗೆ. ಬಿಗಿ ಬೋಲ್ಟ್ ಬಿಚ್ಚೋಕೆ ಎರಡಡಿ ಉದ್ದದ ಬ್ರೇಕರ್ ಬಾರ್. ಟಾರ್ಕ್ ರೆಂಚ್. ವೈರ್ ಬ್ರಷ್, ತುಕ್ಕು ಬಿಡಿಸೋ ಎಣ್ಣೆ, ಥ್ರೆಡ್ ಹಿಡಿದುಕೊಳ್ಳದ ಹಾಗೆ ಹಚ್ಚೋ ಆಂಟಿ-ಸೀಜ್ ಗ್ರೀಸ್. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕೆಳಗೆ ಮಲಗಿ ಮೇಲೆ ನೋಡುವಾಗ ತುಕ್ಕಿನ ಪುಡಿ ನೇರ ಕಣ್ಣಿಗೇ ಬೀಳುತ್ತದೆ. ಚಕ್ರ ಹತ್ತಿಸೋ ರ‍್ಯಾಂಪ್ ಒಂದು ಜೊತೆ ತಂದಿಟ್ಟುಕೊಳ್ಳಿ. ಇದನ್ನು ಯಾರೂ ಪಟ್ಟಿಯಲ್ಲಿ ಬರೆಯೋದಿಲ್ಲ, ಕೊನೆಗೆ ಇದೇ ಬೇಕಾಗುತ್ತದೆ.

ಟಾರ್ಕ್ ರೆಂಚನ್ನು ಬಿಚ್ಚೋಕೆ ಬಳಸಬೇಡಿ. ಲೆಕ್ಕ ತಪ್ಪುತ್ತದೆ. ಅಮೆರಿಕದ ಕೆಲವು ರೆಂಚ್‌ಗಳಲ್ಲಿ ಫುಟ್-ಪೌಂಡ್ ಮಾತ್ರ ಇರುತ್ತದೆ. ಒಂದು ಫುಟ್-ಪೌಂಡ್ ಅಂದರೆ ಸುಮಾರು 1.36 ನ್ಯೂಟನ್ ಮೀಟರ್. ಇವೆರಡನ್ನು ಅದಲು ಬದಲು ಮಾಡಿಕೊಂಡು ಬೋಲ್ಟ್ ಮುರಿದವರು ಬೇಕಾದಷ್ಟು ಜನ ಇದ್ದಾರೆ.

ಮೂರು ದಿನ ಮುಂಚೆ

ಕೆಲಸ ಶನಿವಾರ ಇದ್ದರೆ ಬುಧವಾರವೇ ಶುರು ಮಾಡಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಇಪ್ಪತ್ತು ವರ್ಷ ಉಪ್ಪು ಕುಡಿದ ಬೋಲ್ಟು ಒಂದೇ ಏಟಿಗೆ ಬಿಡುತ್ತೆ ಅಂದುಕೊಳ್ಳಬೇಡಿ. ಬಿಚ್ಚಬೇಕಾದ ಪ್ರತಿ ನಟ್ಟನ್ನೂ ವೈರ್ ಬ್ರಷ್‌ನಲ್ಲಿ ಉಜ್ಜಿ, ಎಣ್ಣೆ ಹೊಡೆಯಿರಿ. ಗುರುವಾರ ಇನ್ನೊಮ್ಮೆ, ಶುಕ್ರವಾರ ಇನ್ನೊಮ್ಮೆ. ಬ್ರೇಕ್ ಡಿಸ್ಕ್ ಮೇಲೆ ಒಂದು ಹನಿಯೂ ಬೀಳದ ಹಾಗೆ ಬಟ್ಟೆ ಮುಚ್ಚಿ.

ಆಮೇಲೆ ಅಳತೆ. ಕಾರನ್ನು ಸಮ ನೆಲದ ಮೇಲೆ ನಿಲ್ಲಿಸಿ. ಟಯರ್ ಗಾಳಿ ಸರಿ ಮಾಡಿ. ಚಕ್ರದ ನಟ್ಟನಡುವಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಿರಿ. ನಾಲ್ಕೂ ಕಡೆ ಬರೆದುಕೊಳ್ಳಿ. ನನ್ನ ಕಾರಿನಲ್ಲಿ ಮುಂದೆ 365, ಹಿಂದೆ 370 ಮಿ.ಮೀ. ಇತ್ತು. ನೆಲದಿಂದ ಅಳೆದರೆ ಟಯರ್ ಸವೆತ, ಗಾಳಿ ಎಲ್ಲ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ನಡುವಿಂದ ಅಳೆದರೆ ಆ ತಲೆನೋವಿಲ್ಲ. ಹೊಸ ಎತ್ತರ ಎಷ್ಟಿರಬೇಕು ಅನ್ನೋದನ್ನೂ ಈಗಲೇ ತೀರ್ಮಾನಿಸಿ ಬರೆದಿಡಿ. ನಾನು ಬರೆದದ್ದು ಮುಂದೆ 330, ಹಿಂದೆ 335.

ಕಾರು ಎತ್ತೋದು

ಇಲ್ಲಿ ಮಾತ್ರ ಅವಸರ ಬೇಡ. ನೆಲ ಕಾಂಕ್ರೀಟ್ ಆಗಿರಲಿ, ಇಳಿಜಾರು ಇರಬಾರದು. ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂಭಾಗ ಎತ್ತಿದ ಕ್ಷಣ ಅದು ಕೆಲಸಕ್ಕೆ ಬರೋದಿಲ್ಲ, ಕಾರು ಮುಂದಕ್ಕೆ ಉರುಳಬಹುದು. ಹಾಗಾಗಿ ನೆಲದ ಮೇಲಿರೋ ಚಕ್ರಕ್ಕೆ ಎರಡೂ ಕಡೆಯಿಂದ ಅಡ್ಡ ಕೊಟ್ಟೇ ಎತ್ತಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲ ಮಾಡಿಕೊಳ್ಳಿ.

ಮುಂದೆ ಜಾಕ್ ಕೊಡೋದು ಎಂಜಿನ್ ಕೆಳಗಿನ ಅಡ್ಡ ಸಬ್‌ಫ್ರೇಮ್‌ನ ನಡುವೆ. ಎಂಜಿನ್ ಆಯಿಲ್ ತಟ್ಟೆಗೆ ಕೊಟ್ಟರೆ ಕಥೆ ಮುಗಿಯಿತು. ಹಿಂದೆ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚೋ ಗಿಯರ್ ಪೆಟ್ಟಿಗೆ) ಮನೆಯ ಕೆಳಗೆ. ಬಾಗಿಲಿನ ಕೆಳಗೆ ಉದ್ದಕ್ಕೆ ಇರೋ ತಗಡಿನ ಅಂಚಿದೆಯಲ್ಲ, ಸ್ಟ್ಯಾಂಡ್ ಇಡೋ ಜಾಗ ಅಲ್ಲೇ ಗುರುತು ಮಾಡಿರುತ್ತಾರೆ. ಬರೀ ಕಬ್ಬಿಣದ ಸ್ಟ್ಯಾಂಡ್ ಇಟ್ಟರೆ ಈ ಕಾರಿನಲ್ಲಿ ಆ ಅಂಚು ಹಪ್ಪಳದ ಹಾಗೆ ಮಡಚಿಕೊಳ್ಳುತ್ತದೆ. ಸೀಳು ಇರೋ ರಬ್ಬರ್ ಪ್ಯಾಡ್ ಹಾಕಿ, ತಗಡು ಆ ಸೀಳಿನೊಳಗೆ ಕೂರಲಿ.

ನಾಲ್ಕೂ ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಕಾರನ್ನು ಸೊಂಟದಿಂದ ಜೋರಾಗಿ ತಳ್ಳಿ ನೋಡಿ. ಅಲ್ಲಾಡಿದರೆ ಈಗಲೇ ಅಲ್ಲಾಡಲಿ. ಬಿಚ್ಚಿದ ಚಕ್ರಗಳನ್ನು ಬಾಗಿಲಿನ ಕೆಳಗೆ ಮಲಗಿಸಿಡಿ. ಸ್ಟ್ಯಾಂಡ್ ಕೈ ಕೊಟ್ಟರೂ ಕಾರು ಚಕ್ರದ ಮೇಲೆ ಬೀಳುತ್ತದೆ, ನಿಮ್ಮ ಎದೆ ಮೇಲಲ್ಲ. ಬರೀ ಜಾಕ್ ನಂಬಿ ಒಂದು ನಿಮಿಷಕ್ಕೂ ಕೆಳಗೆ ಹೋಗಬೇಡಿ. ನಾನು ಕಾರಿನಡಿ ಇದ್ದಾಗಲೇ ಅಮ್ಮನ ವಿಡಿಯೋ ಕಾಲ್ ಬಂತು. “ಅಲ್ಲಿ ಮೆಕ್ಯಾನಿಕ್ಕೇ ಇಲ್ವೇನೋ?” ಅಂದರು. ಉತ್ತರ ಕೊಡದೆ ಸ್ಟ್ಯಾಂಡ್ ತೋರಿಸಿದೆ. ಅವರಿಗೇನೂ ಸಮಾಧಾನ ಆದಂತೆ ಕಾಣಲಿಲ್ಲ.

ಮುಂದಿನ ಎರಡು ಮೂಲೆ

ಮೊದಲು ಫೋಟೋ ತೆಗೆಯಿರಿ. ಬ್ರೇಕ್ ಪೈಪ್, ಎಬಿಎಸ್ ವೈರ್ ಇದ್ದರೆ ಅದು, ಯಾವುದು ಎಲ್ಲಿ ಹಾದುಹೋಗಿದೆ ಅಂತ. ಸಂಜೆ ಐದಕ್ಕೆ ನೆನಪು ಕೈ ಕೊಡುತ್ತದೆ.

ಆಂಟಿ-ರೋಲ್ ಬಾರ್ ಅಂದರೆ ತಿರುವಿನಲ್ಲಿ ಕಾರು ವಾಲದಂತೆ ಎಡ ಬಲ ಎರಡನ್ನೂ ಸೇರಿಸೋ ಸರಳು. ಅದರ ಲಿಂಕ್‌ಗಳನ್ನು ಎರಡೂ ಕಡೆ ಬಿಚ್ಚಿ. ಒಂದೇ ಕಡೆ ಬಿಚ್ಚಿದರೆ ಆ ಸರಳು ಇನ್ನೊಂದು ಕಡೆಯ ಆರ್ಮನ್ನು ಹಿಡಿದುಕೊಂಡು ಸುಮ್ನೆ ಜಗಳ ಮಾಡುತ್ತದೆ. ಶಾಕ್‌ನ ಕೆಳಗಿನ ಬೋಲ್ಟು 17ರದು, ಅದನ್ನು ಈಗ ಸಡಿಲ ಮಾಡಿ, ಪೂರ್ತಿ ತೆಗೆಯಬೇಡಿ. ಬಿಡದಿದ್ದರೆ ಒಂದು ಉಪಾಯ. ಮೊದಲು ಕೂದಲೆಳೆಯಷ್ಟು ಬಿಗಿಯಿರಿ, ಆಮೇಲೆ ಬಿಚ್ಚಿ. ತುಕ್ಕಿನ ಪದರ ಒಡೆಯೋಕೆ ಎರಡೂ ದಿಕ್ಕಿನ ಎಳೆತ ಬೇಕು. ಬೆಂಕಿ ಕೊಡೋ ಆಸೆ ಬರುತ್ತದೆ. ಪಕ್ಕದಲ್ಲೇ ರಬ್ಬರ್ ಬುಶ್ ಇದೆ, ಬ್ರೇಕ್ ಪೈಪ್ ಇದೆ, ಮೈಮೇಲೆಲ್ಲ ನೀವೇ ಹೊಡೆದ ಎಣ್ಣೆ ಇದೆ. ಬೇಡ.

ನನ್ನ ಕಾರಿನ ಎಡಗಡೆ ಬೋಲ್ಟಿಗೆ ಮುಕ್ಕಾಲು ಗಂಟೆ ಹಿಡಿಯಿತು. ಸಹಾಯಕ್ಕೆ ಬಂದಿದ್ದ ಮಂಗಳೂರಿನ ಗೆಳೆಯ ಬ್ರೇಕರ್ ಬಾರ್ ಮೇಲೆ ತೂಗಿ ನಿಂತು, “ಇದು ಬೋಲ್ಟಲ್ಲ ಮಾರಾಯ, ಬೇರು” ಅಂದ. ಕೊನೆಗೆ ಬಂದೂಕು ಹೊಡೆದಂಥ ಸದ್ದು. ಮುರಿಯಿತು ಅಂದುಕೊಂಡೆವು. ನೋಡಿದರೆ ಬಿಟ್ಟಿತ್ತು, ಕಂದು ಪುಡಿ ಉದುರುತ್ತಿತ್ತು. ಇಂಥ ಬೋಲ್ಟನ್ನು ವಾಪಸ್ ಹಾಕಬೇಡಿ. ಹೊಸದಕ್ಕೆ ದುಡ್ಡು ಹೆಚ್ಚಿಲ್ಲ, ಮುಂಚೆಯೇ ತರಿಸಿಟ್ಟುಕೊಂಡಿರಿ.

ಈಗ ಬಾನೆಟ್ ಎತ್ತಿ. ಶಾಕ್‌ನ ಮೇಲ್ತುದಿಯಲ್ಲಿ ಎರಡು 14ರ ನಟ್ಟು ಕಾಣುತ್ತವೆ, ನಡುವೆ ಇನ್ನೊಂದು. ಆ ನಡುವಿನದನ್ನು ಮುಟ್ಟಲೇಬೇಡಿ. ಕುಗ್ಗಿದ ಸ್ಪ್ರಿಂಗನ್ನು ಹಿಡಿದಿಟ್ಟಿರೋದು ಅದೇ. ಪಕ್ಕದ ಎರಡನ್ನು ಸಡಿಲ ಮಾಡಿ, ತುದಿಯಲ್ಲಿ ಎರಡು ಸುತ್ತು ಉಳಿಸಿ.

ಶಾಕ್ ಹೊರಗೆ ಬರೋಕೆ ಜಾಗ ಸಾಲದು. ಜಾಗ ಮಾಡೋಕೆ ಎರಡು ಮೂರು ದಾರಿ ಇವೆ. ನನಗೆ ಹಿಡಿಸಿದ್ದು ಮೇಲಿನ ಆರ್ಮ್‌ನ ಒಳತುದಿಯ ಉದ್ದ ಬೋಲ್ಟ್ ತೆಗೆಯೋದು. ಅದು ಬಂದರೆ ಆರ್ಮ್ ಬಿಡುಗಡೆಯಾಗಿ, ಹಬ್ (ಚಕ್ರ ಕೂರೋ ಭಾಗ) ಸಮೇತ ಇಡೀ ಜೋಡಣೆ ಹೊರಗೆ ವಾಲುತ್ತದೆ. ಬಾಲ್ ಜಾಯಿಂಟ್‌ಗೆ ಸುತ್ತಿಗೆ ಏಟು ಬೇಡ, ಅಲೈನ್‌ಮೆಂಟ್ ಕ್ಯಾಮ್ ಮುಟ್ಟಬೇಕಿಲ್ಲ. ವಾಲಿದ ಹಬ್ಬನ್ನು ಬ್ರೇಕ್ ಪೈಪ್ ಮೇಲೆ ನೇತಾಡಲು ಬಿಡಬೇಡಿ. ತಂತಿಯಲ್ಲಿ ಕಟ್ಟಿ, ಇಲ್ಲ ಕೆಳಗೆ ಡಬ್ಬ ಇಡಿ. ಈಗ ಮೇಲಿನ ಎರಡು ನಟ್ಟು, ಕೆಳಗಿನ ಬೋಲ್ಟು ಪೂರ್ತಿ ತೆಗೆದು ಶಾಕನ್ನು ಕೆಳಮುಖವಾಗಿ ಓರೆ ಮಾಡಿ ಎಳೆಯಿರಿ. ಒಂದು ಕೈ ಸ್ಪ್ರಿಂಗಿಗೆ ಕೊಟ್ಟಿರಿ, ತೂಕ ಇದೆ.

ಹಳೇದನ್ನೂ ಹೊಸದನ್ನೂ ನೆಲದ ಮೇಲೆ ಅಕ್ಕಪಕ್ಕ ಮಲಗಿಸಿ ನೋಡಿ. ಮುಂದಿನದು ಯಾವುದು, ಹಿಂದಿನದು ಯಾವುದು, ಕೆಳಗಿನ ಕಣ್ಣಿನ ಅಗಲ ಒಂದೇ ಇದೆಯಾ, ಮೇಲಿನ ಎರಡು ಸ್ಟಡ್ ಹೊಂದುತ್ತವಾ? ಇದನ್ನು ಕಾರಿನೊಳಗೆ ಹಾಕಿದ ಮೇಲೆ ಕಂಡುಹಿಡಿಯೋದು ಬೇಡ.

ಹೊಸದನ್ನು ಹಾಕೋ ಮುಂಚೆ ಥ್ರೆಡ್‌ಗೆ ತೆಳುವಾಗಿ ಆಂಟಿ-ಸೀಜ್ ಹಚ್ಚಿ. ಇಲ್ಲದಿದ್ದರೆ ಎರಡು ಚಳಿಗಾಲ ಕಳೆದರೆ ಎತ್ತರ ಹೊಂದಿಸೋ ರಿಂಗ್ ತಿರುಗೋದೇ ಇಲ್ಲ. ಎಡ ಬಲ ಎರಡರಲ್ಲೂ ಥ್ರೆಡ್ ಒಂದೇ ಅಳತೆ ಕಾಣೋ ಹಾಗೆ ರಿಂಗ್ ಕೂರಿಸಿ. ಸ್ಪ್ರಿಂಗ್ ಕೈಯಲ್ಲಿ ಅಲ್ಲಾಡದಷ್ಟು ಬಿಗಿ ಇದ್ದರೆ ಸಾಕು. ಗಟ್ಟಿತನ ಹೊಂದಿಸೋ ಗುಂಡಿ ಇದ್ದರೆ ಪೂರ್ತಿ ಮೆತ್ತಗೆ ತಿರುಗಿಸಿ, ಅಲ್ಲಿಂದ ‘ಕ್ಲಿಕ್’ ಎಣಿಸಿಕೊಂಡು ನಡುವೆ ನಿಲ್ಲಿಸಿ. ಎಣಿಕೆ ಬರೆದಿಡಿ.

ಜೋಡಿಸೋದು ಬಿಚ್ಚಿದ್ದರ ತಿರುಗುಮುರುಗು. ಮೊದಲು ಮೇಲಿನ ಎರಡು ನಟ್ಟು ಬೆರಳಲ್ಲಿ. ಆಮೇಲೆ ಕೆಳಗಿನ ಆರ್ಮ್ ಕೆಳಗೆ ಜಾಕ್ ಇಟ್ಟು ಮೆಲ್ಲಗೆ ಎತ್ತಿ, ರಂಧ್ರ ಸರಿ ಹೊಂದಿದಾಗ ಬೋಲ್ಟ್ ತೂರಿಸಿ. ಸುತ್ತಿಗೆಯಿಂದ ಹೊಡೆದು ತೂರಿಸಬೇಕಾಗಿ ಬಂದರೆ ರಂಧ್ರ ಹೊಂದಿಲ್ಲ ಅಂತಲೇ ಅರ್ಥ. ಉದ್ದ ಬೋಲ್ಟ್ ವಾಪಸ್ ಹಾಕಿ. ಮೇಲಿನ ಎರಡು ನಟ್ಟು ಈಗ ಬಿಗಿಯಬಹುದು, ಅಲ್ಲಿ ತಿರುಗೋ ಬುಶ್ ಇಲ್ಲ. ಉಳಿದದ್ದೆಲ್ಲ ಸ್ಪ್ಯಾನರ್‌ನಲ್ಲಿ ‘ಹಿಡಿದಿದೆ’ ಅನ್ನಿಸೋವರೆಗೆ ಮಾತ್ರ. ಟಾರ್ಕ್ ರೆಂಚ್ ಕಣ್ಣಿಗೆ ಬೀಳದ ಕಡೆ ಇಡಿ. ಇನ್ನೂ ಬಿಗಿಯದ ಪ್ರತಿ ಬೋಲ್ಟ್ ಪಕ್ಕದಲ್ಲೂ ಹಳದಿ ಟೇಪ್ ಅಂಟಿಸಿ. ಕೊನೆಗೆ ಟೇಪ್ ಎಣಿಸಿದರೆ ಯಾವುದೂ ಮರೆಯೋದಿಲ್ಲ.

ಹಿಂದಿನ ಎರಡು ಮೂಲೆ

ಹಿಂದೆ ಕೆಲಸ ಕಡಿಮೆ. ಡಿಕ್ಕಿಯ ಕಾರ್ಪೆಟ್ ಬಿಡಿಸಿದರೆ ಮೇಲಿನ ಎರಡೆರಡು ನಟ್ಟು ಸಿಗುತ್ತವೆ. ಈ ಕಾರಿನ ಬ್ಯಾಟರಿಯೂ ಡಿಕ್ಕಿಯಲ್ಲೇ ಇದೆ, ಸ್ಪ್ಯಾನರ್ ತಾಗಿ ಕಿಡಿ ಹಾರದಂತೆ ಮೈನಸ್ ತಂತಿ ಕಳಚಿಟ್ಟುಕೊಳ್ಳಿ.

ಲಿಂಕ್ ಎರಡೂ ಕಡೆ ಬಿಚ್ಚಿ, ಶಾಕ್‌ನ ಕೆಳಗಿನ ಬೋಲ್ಟ್ ತೆಗೆದು, ಒಬ್ಬರು ಹಬ್ಬನ್ನು ಕಾಲಿಂದ ಕೆಳಗೆ ಒತ್ತಿ ಹಿಡಿದರೆ ಇನ್ನೊಬ್ಬರು ಶಾಕ್ ಎಳೆಯಬಹುದು. ಸ್ಟ್ಯಾಂಡ್ ಭದ್ರವಾಗಿದೆ ಅಂತ ನೋಡಿಕೊಂಡೇ ಒತ್ತಿ. ಹಬ್‌ನ ಕೆಳತುದಿಯಲ್ಲಿ ಅಡ್ಡಲಾಗಿ ಹಾದುಹೋಗೋ ಉದ್ದ ಬೋಲ್ಟ್ ಒಂದಿದೆ. ಉಪ್ಪು ರಸ್ತೆಯ ಕಾರುಗಳಲ್ಲಿ ಅದು ಬುಶ್‌ನೊಳಗೇ ಬೆಸುಗೆ ಹಾಕಿದಂತೆ ಹಿಡಿದಿರುತ್ತದೆ. ಅದರ ತಂಟೆಗೆ ಹೋಗಬೇಡಿ, ಇವತ್ತಿನ ಕೆಲಸಕ್ಕೆ ಅದು ಬೇಕಿಲ್ಲ. ಜಾಗ ತೀರಾ ಸಾಲದಿದ್ದರೆ ಮೇಲಿನ ಆರ್ಮ್ ಹಬ್ಬಿಗೆ ಸೇರೋ ಕಡೆಯ ಬೋಲ್ಟ್ ತೆಗೆಯಿರಿ. ಉಳಿದದ್ದು ಮುಂದಿನ ಹಾಗೇ. ಟೇಪ್ ಅಂಟಿಸೋದು ಮರೆಯಬೇಡಿ.

ಬಿಗಿಯೋ ಹೊತ್ತು

ಆರ್ಮ್‌ನ ತುದಿಯಲ್ಲಿರೋ ಬುಶ್ ಹೇಗಿರುತ್ತೆ ಅಂತ ಒಮ್ಮೆ ಹತ್ತಿರದಿಂದ ನೋಡಿ. ಹೊರಗೆ ಒಂದು ಕಬ್ಬಿಣದ ಬಳೆ, ಒಳಗೆ ಒಂದು ಕೊಳವೆ, ಎರಡರ ನಡುವೆ ರಬ್ಬರ್. ರಬ್ಬರ್ ಎರಡಕ್ಕೂ ಅಂಟಿಕೊಂಡೇ ಇರುತ್ತದೆ. ಇದು ಬಾಗಿಲಿನ ತಿರುಗಣಿಯ ಹಾಗೆ ಜಾರಿ ತಿರುಗೋದಿಲ್ಲ, ರಬ್ಬರ್ ತಿರುಚಿಕೊಂಡು ಜಾಗ ಕೊಡುತ್ತದೆ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಕಾರಿನ ಮೈಗೆ ಕಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ರಬ್ಬರಿನ ಆರಾಮದ ಸ್ಥಿತಿ.

ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ಏನಾಗುತ್ತದೆ? ಕಾರು ನೆಲಕ್ಕಿಳಿದು ಆರ್ಮ್ ಮೇಲೆದ್ದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಅದು ಇನ್ನೊಂದು ಸ್ಪ್ರಿಂಗಿನ ಹಾಗೆ ಕಾರನ್ನು ಎತ್ತಿ ಹಿಡಿಯುತ್ತದೆ. ನನ್ನ ಕಾರು ಎರಡು ಬೆರಳು ಮೇಲೆ ನಿಂತದ್ದು ಇದಕ್ಕೇ. ಒದ್ದೆ ಬಟ್ಟೆ ಹಿಂಡಿ ಹಾಗೇ ಹಿಡಿದುಕೊಂಡ ಹಾಗೆ ಹಗಲು ರಾತ್ರಿ ತಿರುಚಿಕೊಂಡೇ ಇರೋ ರಬ್ಬರ್ ಮೊದಲ ದೊಡ್ಡ ಹಳ್ಳಕ್ಕೆ ಇನ್ನೂ ತಿರುಚಿ, ಹರಿಯುತ್ತದೆ.

ಹಾಗಾದ್ರೆ ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು 330ರ ಅಳತೆ ಬರೋವರೆಗೆ ಎತ್ತಿ ಬಿಗಿಯಬಹುದಲ್ಲ? ಭಾರದ ಕಾರಿಗೆ ಆಗುತ್ತದೆ. ಇದು ಹಗುರದ ಕಾರು, ಸ್ಪ್ರಿಂಗ್ ಗಟ್ಟಿ. ಅಳತೆ ಬರೋ ಮುಂಚೆಯೇ ಕಾರು ಸ್ಟ್ಯಾಂಡ್ ಬಿಟ್ಟು ಮೇಲೇಳೋಕೆ ಶುರುವಾಗುತ್ತದೆ. ಎದೆ ಧಸಕ್ ಅನ್ನುತ್ತದೆ. ನಾನು ಅದನ್ನು ಬಿಟ್ಟುಬಿಟ್ಟೆ.

ಈಗ ಮಾಡೋದು ಹೀಗೆ. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸುತ್ತೇನೆ. ಚಕ್ರದ ನಟ್ಟುಗಳಿಗೆ ಪೂರ್ತಿ ಟಾರ್ಕ್, 88ರಿಂದ 118 ನ್ಯೂಟನ್ ಮೀಟರ್. ಎದುರು ಬದುರಾಗಿ ಬಿಗಿಯಬೇಕು, ಗ್ರೀಸ್ ಹಚ್ಚಬಾರದು. ಆಮೇಲೆ ಕಾರನ್ನು ಕೈಯಿಂದಲೇ ಎರಡು ಮೀಟರ್ ಮುಂದೆ, ಎರಡು ಮೀಟರ್ ಹಿಂದೆ ತಳ್ಳಬೇಕು. ಜಾಕ್‌ನಿಂದ ಇಳಿದ ಕಾರಿನ ಟಯರ್‌ಗಳು ನೆಲವನ್ನು ಕಚ್ಚಿ ಅಗಲಕ್ಕೆ ಒತ್ತಿಕೊಂಡಿರುತ್ತವೆ, ಉರುಳಿಸಿದರೆ ಮಾತ್ರ ಕಾರು ಪೂರ್ತಿ ಕೂರುತ್ತದೆ. ಬಾನೆಟ್, ಡಿಕ್ಕಿ ಎರಡೂ ಕಡೆ ಕೈಯಿಂದ ಒತ್ತಿ ನಾಲ್ಕು ಸಲ ಕುಣಿಸಿ. ಟೇಪ್ ಹಿಡಿದು ಅಳೆಯಿರಿ.

ಮೊದಲ ಸಲಕ್ಕೇ 330 ಬಂದರೆ ಲಾಟರಿ. ನನ್ನದು 341 ತೋರಿಸಿತು. ಮತ್ತೆ ಎತ್ತಿ, ರಿಂಗ್ ಇಳಿಸಿ, ಕಾರು ನೆಲಕ್ಕಿಳಿಸಿ ಅಳೆಯೋದು. ಡಬಲ್ ವಿಶ್‌ಬೋನ್‌ನಲ್ಲಿ ರಿಂಗನ್ನು 1 ಮಿ.ಮೀ. ಇಳಿಸಿದರೆ ಕಾರು ಅದಕ್ಕಿಂತ ಜಾಸ್ತಿ ಇಳಿಯುತ್ತದೆ, ಯಾಕಂದ್ರೆ ಶಾಕ್ ಕೂತಿರೋದು ಆರ್ಮ್‌ನ ತುದಿಯಲ್ಲಲ್ಲ, ಒಳಗೆ. ಎಡಕ್ಕೂ ಬಲಕ್ಕೂ 5 ಮಿ.ಮೀ. ಒಳಗೆ ವ್ಯತ್ಯಾಸ ಇದ್ದರೆ ನಾನು ತಲೆ ಕೆಡಿಸಿಕೊಳ್ಳೋದಿಲ್ಲ. ಇಪ್ಪತ್ತು ವರ್ಷದ ಕಾರಿನ ಮಡ್‌ಗಾರ್ಡೇ ಅಷ್ಟು ಸಮ ಇರೋದಿಲ್ಲ. ಎತ್ತರ ಹೊಂದಿದ ಮೇಲೆ ಲಾಕ್ ರಿಂಗ್ ಬಿಗಿಯಿರಿ.

ಈಗ ರ‍್ಯಾಂಪ್. ಮುಂದಿನ ಚಕ್ರಗಳನ್ನು ಮೆಲ್ಲಗೆ ಹತ್ತಿಸಿ, ಹಿಂದೆ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ. ಕಾರಿನ ಭಾರ ಚಕ್ರದ ಮೇಲೇ ಇದೆ, ಕೆಳಗೆ ಹೋಗೋಕೆ ಜಾಗವೂ ಆಯಿತು. ಮರೆಯಲ್ಲಿಟ್ಟ ಟಾರ್ಕ್ ರೆಂಚ್ ಈಗ ತನ್ನಿ. ಶಾಕ್‌ನ ಕೆಳಗಿನ ಬೋಲ್ಟ್ 73ರಿಂದ 93 ನ್ಯೂಟನ್ ಮೀಟರ್. ಮೇಲಿನ ಆರ್ಮ್‌ನ ಉದ್ದ ಬೋಲ್ಟ್, ಲಿಂಕ್‌ಗಳು ನಿಮ್ಮ ವರ್ಷದ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳಿದಷ್ಟು. ಉದ್ದ ಬೋಲ್ಟಿಗೆ ಕೈ ಹೋಗೋದು ಇಕ್ಕಟ್ಟು, ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಅಷ್ಟಿಷ್ಟು ಜಾಗ ಸಿಗುತ್ತದೆ. ಒಂದೊಂದು ಬಿಗಿದಂತೆ ಟೇಪ್ ಕಿತ್ತು, ಬೋಲ್ಟಿನ ಮೇಲೆ ಬಿಳಿ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ನಾಳೆ ಬೋಲ್ಟ್ ತಿರುಗಿದ್ದರೆ ಗೆರೆ ಹೇಳುತ್ತದೆ. ಆಮೇಲೆ ಹಿಂಭಾಗಕ್ಕೂ ಇದೇ ಪೂಜೆ.

ನಿಮ್ಮ ಕಾರಿಗೆ ಮೊದಲೇ ಯಾರೋ ಪಾಲಿಯುರಿಥೇನ್ ಬುಶ್ ಹಾಕಿದ್ದರೆ ಈ ತೊಂದರೆ ಇಲ್ಲ, ಅದು ಜಾರಿ ತಿರುಗುತ್ತದೆ. ಆದರೆ ಅದಕ್ಕೆ ಆಗಾಗ ಗ್ರೀಸ್ ಬೇಕು, ಇಲ್ಲದಿದ್ದರೆ ಕಿರುಚುತ್ತದೆ.

ಮೊದಲ ಸುತ್ತು, ಮೊದಲ ವಾರ

ಮೊದಲು ಮನೆ ಮುಂದೆಯೇ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಟಯರ್ ಎಲ್ಲಾದರೂ ಉಜ್ಜುತ್ತಾ ನೋಡಿ. ಬ್ರೇಕ್ ಪೈಪ್ ಎಳೆದುಕೊಂಡಿಲ್ಲ ತಾನೇ? ಆಮೇಲೆ ಖಾಲಿ ಬೀದಿಯಲ್ಲಿ 30 ಕಿ.ಮೀ. ವೇಗದಲ್ಲಿ ಒಂದು ಸುತ್ತು, ಕಿಟಕಿ ಇಳಿಸಿ, ಹಾಡು ಆಫ್ ಮಾಡಿ. ‘ಟಕ್ ಟಕ್’ ಅನ್ನೋ ಒಣ ಸದ್ದು ಬಂದರೆ ಹೆಚ್ಚಾಗಿ ಮೇಲಿನ ನಟ್ಟೋ, ಲಿಂಕೋ ಸಡಿಲ ಇರುತ್ತದೆ. ‘ಕಿರ್ರ್’ ಬಂದರೆ ಬುಶ್. ‘ಧಡ್’ ಅಂತ ತಳಕ್ಕೆ ಹೊಡೆದರೆ ಬಂಪ್ ಸ್ಟಾಪ್ ಮೇಲೆ ಕೂತಿದೆ, 10 ಮಿ.ಮೀ. ಎತ್ತರಿಸಿ.

ಕಾರು ತಗ್ಗಿದಾಗ ಚಕ್ರದ ಕೋನ ಬದಲಾಗಿರುತ್ತದೆ. ಅಲೈನ್‌ಮೆಂಟ್ ಮಾಡಿಸಲೇಬೇಕು. ಆದರೆ ಮರುದಿನವೇ ಓಡಬೇಡಿ, ಒಂದು ವಾರ, ನೂರಿನ್ನೂರು ಕಿಲೋಮೀಟರ್ ಓಡಿಸಿ, ಸ್ಪ್ರಿಂಗ್ ಕೂರಲಿ. ಆ ವಾರ ಮುಗಿದ ಮೇಲೆ ಬಿಳಿ ಗೆರೆಗಳನ್ನು ನೋಡಿ, ಎಲ್ಲವನ್ನೂ ಮತ್ತೊಮ್ಮೆ ಟಾರ್ಕ್ ಮಾಡಿ, ಮತ್ತೆ ಎತ್ತರ ಅಳೆಯಿರಿ. ನನ್ನದು 3 ಮಿ.ಮೀ. ಇಳಿದಿತ್ತು.

ಅಂಗಡಿಗೆ ಹೋಗುವಾಗ ನಿಮಗೆ ಬೇಕಾದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸುಮ್ನೆ ಅಲೈನ್‌ಮೆಂಟ್ ಮಾಡಿ ಅಂದರೆ ಕಂಪ್ಯೂಟರ್‌ನಲ್ಲಿ ಹಸಿರು ಬಣ್ಣ ಬಂದ ಕೂಡಲೇ ನಿಲ್ಲಿಸುತ್ತಾರೆ. ರಸ್ತೆಗೂ, ಅಪರೂಪಕ್ಕೆ ಬೆಟ್ಟದ ತಿರುವಿಗೂ ಸರಿಹೋಗೋ ನನ್ನ ಚೀಟಿ ಇದು. ಮುಂದೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು, ಮೈನಸ್ ಅಂದರೆ ಮೇಲ್ತುದಿ ಒಳಕ್ಕೆ) ಮೈನಸ್ 1.2 ಡಿಗ್ರಿ, ಹಿಂದೆ ಮೈನಸ್ 1.6. ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ತಿರುಗೋ ಅಕ್ಷದ ವಾಲು) 5 ಡಿಗ್ರಿ, ಎಡ ಬಲ ಸಮ. ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು) ಮುಂದೆ ಸೊನ್ನೆ, ಹಿಂದೆ ಚೂರೇ ಚೂರು ಒಳಕ್ಕೆ. ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಡಿಸಿ, ಎರಡು ಸೀಟಿನ ಹಗುರ ಕಾರಿಗೆ 75 ಕೆ.ಜಿ. ಅಂದರೆ ಸಣ್ಣ ಲೆಕ್ಕವಲ್ಲ. ಕ್ಯಾಮ್ ಬೋಲ್ಟ್‌ಗಳು ತುಕ್ಕು ಹಿಡಿದು ತಿರುಗದಿದ್ದರೆ ಅಂಗಡಿಯವರು ಕೈ ಚೆಲ್ಲುತ್ತಾರೆ. ಹಾಗಾಗಿ ಬುಧವಾರ ಎಣ್ಣೆ ಹೊಡೆಯುವಾಗ ಅವಕ್ಕೂ ಹೊಡೆದಿರಿ, ತಿರುಗಿಸಬೇಡಿ ಅಷ್ಟೇ.

ಇನ್ನು ಹೆಡ್‌ಲೈಟ್. ಮುಂದೆ, ಹಿಂದೆ ಒಂದೇ ಅಳತೆ ಇಳಿದಿದ್ದರೂ ರಾತ್ರಿ ಗ್ಯಾರೇಜ್ ಬಾಗಿಲಿನ ಮುಂದೆ ನಿಲ್ಲಿಸಿ ಒಮ್ಮೆ ಬೆಳಕಿನ ಗೆರೆ ನೋಡಿಕೊಳ್ಳಿ. ಹಳೇ ಶಾಕ್, ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕಬೇಡಿ. ಬಟ್ಟೆ ಸುತ್ತಿ, ಯಾವುದು ಯಾವ ಮೂಲೆಯದು ಅಂತ ಬರೆದು ಅಟ್ಟದ ಮೇಲಿಡಿ. ಈ ಕಾರು ಕೊಳ್ಳೋಕೆ ಬರೋರಲ್ಲಿ ಅರ್ಧ ಜನ ಮೊದಲು ಕೇಳೋದೇ ‘ಒರಿಜಿನಲ್ ಇದೆಯಾ?’ ಅಂತ.